ಅಡ್ಡಕಸುಬಿಗೊಂದು ಬೈಗುಳ

ನಮ್ಮ ಮಾವನಿಗೆ ನೀವು ಒಂದು ಕೆಲಸ ಹೇಳಿದರೆ ನಿಮಗೆ ಎರಡು ಕೆಲಸ ಗ್ಯಾರಂಟಿ! ಅವರು ಮಾಡಿದ್ದನ್ನು ಬಿಚ್ಚುವುದು ಒಂದು, ಬಿಚ್ಚಿದ್ದನ್ನು ಮೊದಲಿನಿಂದ ಮಾಡುವುದು ಇನ್ನೊಂದು. ಮೊಳೆ ಹೊಡೆಯಲು ಹೋದರೆ ಗೋಡೆಯ ಗಾರೆ ಉದುರುತ್ತಿತ್ತು. ಗಾರೆ ಮೆತ್ತಲು ಹೋದರೆ ಮೊಳೆಯೂ ಅದರೊಳಗೇ ಸೇರಿಹೋಗುತ್ತಿತ್ತು. ಇಷ್ಟಾದರೂ ಅವರು ಯಾವ ಕೆಲಸಕ್ಕೂ ಹಿಂಜರಿದವರಲ್ಲ. 'ನನಗೆ ಬರುವುದಿಲ್ಲ' ಎನ್ನುವ ಮಾತನ್ನು ಅವರ ಬಾಯಿಂದ ನಾನು ಕೇಳಿಯೇ ಇಲ್ಲ. "ಅದೆಂತ ಮಹಾ, ಕೊಡಿ ಇಲ್ಲಿ" ಎಂದು ಅವರು ಕೈ ಚಾಚಿದರೆಂದರೆ ಆ ವಸ್ತುವಿನ ಋಣ ತೀರಿತು ಎಂದೇ ಅರ್ಥ.

ಇಂಥವರನ್ನು ನಮ್ಮ ಮೂಡಿಗೆರೆ ಕಡೆ ಅಡ್ಡಕಸುಬಿ ಎನ್ನುತ್ತೇವೆ. ಎನ್ನುತ್ತಿದ್ದೆವು ಎನ್ನಬೇಕೇನೋ. ನಮ್ಮ ಮನೆಯಲ್ಲಂತೂ ಈಗ ಆ ಪದವನ್ನು ಯಾರೂ ಆಡುವುದಿಲ್ಲ. ಮಗ ಹಾಲಿನ ಪಾತ್ರೆ ಬೋರಲು ಹಾಕಿದಾಗ, ನನ್ನ ಯಜಮಾನರು ಗ್ಯಾಸಿನ ರೆಗ್ಯುಲೇಟರು ತಿರುಚಿ ಕೈಯಲ್ಲಿ ಹಿಡಿದು ನಿಂತಾಗ, ತುದಿನಾಲಿಗೆಗೆ ಬಂದದ್ದನ್ನು ನುಂಗಿಕೊಂಡು 'ಛೆ' ಎಂದಷ್ಟೇ ಹೇಳುತ್ತೇನೆ. ಯಾಕೆ ಹಾಗೆ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ನಗುತ್ತಾ ಶುರುಮಾಡಿದ್ದೇನೆ, ನಿಜ. ಕೊನೆಯವರೆಗೂ ನಗುತ್ತಲೇ ಇರುತ್ತೇನೆಂದು ಮಾತು ಕೊಡಲಾರೆ.

ಮೊದಲು ಪದದ ವಿಷಯ ಮುಗಿಸುತ್ತೇನೆ. ನಾನು ಮೂಡಿಗೆರೆಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು, "ಮೇಡಂ, ಅಡ್ಡಕಸುಬಿ ಅಂದ್ರೆ ಎಂತ? ನಮ್ಮಮ್ಮ ದಿನಾ ನಂಗೆ ಅದನ್ನೇ ಹೇಳೋದು" ಎಂದು ಕೇಳಿದಳು. ಇಡೀ ಕ್ಲಾಸು ಘೊಳ್ಳೆಂದಿತು. ನಾನು ಗಂಭೀರವಾಗಿ ಹೇಳಿದೆ: ಕಸುಬು ಅಂದರೆ ಅವರವರಿಗೆ ಒಗ್ಗಿದ ಕೆಲಸ. ಅದನ್ನು ಬಿಟ್ಟು ಒಗ್ಗದ ಕೆಲಸಕ್ಕೆ ಅಡ್ಡಡ್ಡ ಕೈ ಹಾಕುವವನು ಅಡ್ಡಕಸುಬಿ. ಕುಂಬಾರ ಮಗ್ಗದ ಮುಂದೆ ಕೂತರೆ ಅಡ್ಡಕಸುಬಿ, ನೇಕಾರ ಮಣ್ಣು ಮೆಟ್ಟಿದರೆ ಅಡ್ಡಕಸುಬಿ. ಅಡ್ಡ ಹೋದದ್ದರಿಂದ ಕೆಲಸ ಕೆಡುತ್ತದೆ. ಹಾಗೆ ಕೆಲಸ ಕೆಡಿಸುವವರಿಗೆಲ್ಲ ಬರಬರುತ್ತಾ ಅದೇ ಹೆಸರಾಯಿತು.

ಹೇಳಿದ್ದೇನೋ ಹೇಳಿದೆ, ಆಮೇಲೆ ನನಗೇ ಅನುಮಾನ ಹತ್ತಿತು. ಬಸ್‌ಸ್ಟ್ಯಾಂಡ್ ಹತ್ತಿರದ ಟೈಲರನ್ನು ಕೇಳಿದೆ. "ಬಟ್ಟೇನ ನೂಲಿಗೆ ಅಡ್ಡ ಕತ್ತರಿಸೋರು ಮೇಡಂ. ನಿಮ್ಮ ಬ್ಲೌಸ್ ಹಾಳು ಮಾಡಿದ್ನಲ್ಲ, ಆಚೆ ಅಂಗಡಿಯವ, ಅಂಥವ್ರು" ಎಂದ. ನನ್ನ ಸೋದರತ್ತೆಯ ತೋಟದ ಮಂಜಯ್ಯ ಮೇಸ್ತ್ರಿಯನ್ನು ಕೇಳಿದರೆ, "ಮರಗಸಿಲಿ ಕೊಂಬೆ ಕಡಿಯುವಾಗ ಕತ್ತಿ ಓರೆ ಬೀಸ್ಬೇಕಮ್ಮ. ಅಡ್ಡ ಬೀಸಿದ್ರೆ ಸಿಪ್ಪೆ ಸೀಳ್ಕೊಂಡು ಇಡೀ ಕೊಂಬೆ ಕೆಡ್ತದೆ. ಅದ್ರಿಂದ ಬಂದಿದ್ದು" ಎಂದು ಕತ್ತಿ ಬೀಸಿಯೇ ತೋರಿಸಿದ. ಎಲ್ಲರೂ ಪದವನ್ನು ತಮ್ಮ ತಮ್ಮ ಕಸುಬಿನೊಳಗೆ ಎಳೆದುಕೊಳ್ಳುವವರೇ! ಕೊನೆಗೆ ಅತ್ತೆಯನ್ನು ಕೇಳಿದೆ.

"ಅದಕ್ಕೆ ಅರ್ಥ ಬೇರೆ ಹೇಳ್ಬೇಕೇನೇ? ಜಗಲೀಲಿ ಕೂತಿದಾರಲ್ಲ, ಕರ್ಕೊಂಡೋಗಿ ಕ್ಲಾಸಲ್ಲಿ ನಿಲ್ಸು" ಎಂದರು ಅತ್ತೆ.

ಜಗಲಿಯಿಂದ ಮಾವನ ದನಿ ಬಂತು. "ಸಂಬಳ ಎಷ್ಟು ಕೊಡ್ತಾರಂತೆ ಕೇಳು."

ಈ ಅತ್ತೆ ನನ್ನ ಅಪ್ಪನ ಅಕ್ಕ. ಜಾವಳಿ ಹತ್ತಿರ ಅಜ್ಜ ಮಗಳಿಗೆಂದು ಕೊಟ್ಟ ಆರು ಎಕರೆ ಕಾಫಿ ತೋಟದಲ್ಲಿ ಅವರಿಬ್ಬರೇ ಇದ್ದರು. ಮಕ್ಕಳಿರಲಿಲ್ಲ. ತೊಂಬತ್ತರ ದಶಕದ ಶುರುವಿನಲ್ಲಿ ಹೈಸ್ಕೂಲಿನ ಮೂರು ವರ್ಷ ನಾನು ಓದಿದ್ದು ಅವರ ಮನೆಯಲ್ಲಿದ್ದುಕೊಂಡೇ. ಮಾವ ಕಳಸದ ಕಡೆಯ ಪುರೋಹಿತರ ಮನೆಯವರು, ಮೂರನೇ ಮಗ. ಉಪನಯನವಾಗಿ ಮಂತ್ರವೆಲ್ಲ ಕಲಿತು ಮೊದಲ ಸಲ ಮಂಗಳಾರತಿ ಎತ್ತಿದಾಗ, ಭಕ್ತಿ ಹೆಚ್ಚಾಗಿ ತಟ್ಟೆಯನ್ನೂ ಎತ್ತರಕ್ಕೆ ಎತ್ತಿ ದೇವರ ಹೂವಿನ ಹಾರಕ್ಕೇ ಬೆಂಕಿ ಹಚ್ಚಿದರಂತೆ! ಆರಿಸಲು ಹೋಗಿ ತೀರ್ಥದ ಬದಲು ಎಣ್ಣೆಯ ಗಿಂಡಿ ಕೈಗೆ ಸಿಕ್ಕಿತಂತೆ. "ಈ ಮಾಣಿ ದೇವರ ಹತ್ತಿರ ಬೇಡ" ಎಂದು ಅವರ ಅಪ್ಪ ತೀರ್ಮಾನಿಸಿ, ತೋಟವಿದ್ದ ಹುಡುಗಿಯನ್ನು ಹುಡುಕಿ ಮದುವೆ ಮಾಡಿ ಕಳಿಸಿದರು. ಕಲಿತ ಕಸುಬು ಪೂಜೆ, ಕೈ ಹಾಕಿದ್ದು ಕಾಫಿಗೆ. ನಾನು ಕ್ಲಾಸಿನಲ್ಲಿ ಹೇಳಿದ ಅರ್ಥಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

ತೋಟವನ್ನು ನಡೆಸಿದ್ದೆಲ್ಲ ಅತ್ತೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಿಡದಿಂದ ಗಿಡಕ್ಕೆ ಓಡಾಡುತ್ತಾ ಆಳುಗಳ ಜೊತೆ ಸಮಸಮ ದುಡಿಯುವ ಹೆಂಗಸು. ಮಾತು ಕಡಿಮೆ. ಆದರೆ ದಿನಕ್ಕೊಮ್ಮೆಯಾದರೂ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎರಡು ಕೈ ಸೊಂಟದ ಮೇಲಿಟ್ಟು, 'ಅಡ್ಡ' ಎನ್ನುವುದನ್ನು ಒತ್ತಿ, ಒಂದು ಗಳಿಗೆ ನಿಲ್ಲಿಸಿ, 'ಕಸುಬಿ'ಯನ್ನು ಮಾವನ ತಲೆಯ ಮೇಲೆ ಎಸೆಯುತ್ತಿದ್ದರು. ಮಾವ ತಲೆ ತಗ್ಗಿಸಿ ಕೇಳಿಸಿಕೊಳ್ಳುವರು. ಅತ್ತೆ ಒಳಗೆ ಹೋದ ಕೂಡಲೇ ನನ್ನ ಕಡೆ ನೋಡಿ ಕಣ್ಣು ಮಿಟುಕಿಸುವರು. ಬೇರೆ ಯಾರಿಗೂ ಅವರನ್ನು ಹಾಗೆನ್ನುವ ಹಕ್ಕಿರಲಿಲ್ಲ. ಒಮ್ಮೆ ನಮ್ಮಪ್ಪ ತಮಾಷೆಗೆ ಆ ಪದ ಆಡಿದ್ದಕ್ಕೆ ಅತ್ತೆ ಅವರ ಮುಂದಿದ್ದ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದರು. ಅಪ್ಪ ಆ ದಿನ ಕಾಫಿ ಇಲ್ಲದೆ ಮನೆಗೆ ಬಂದರು.

ಒಂದು ಫೋನಿನ ಕಥೆ ಹೇಳದಿದ್ದರೆ ಆಗುವುದೇ ಇಲ್ಲ. ಆ ಮನೆಗೆ ಲ್ಯಾಂಡ್‌ಲೈನ್ ಬಂದ ವರ್ಷ. ನಮ್ಮಲ್ಲಿ ಗುಡುಗು ಶುರುವಾದರೆ ಟಿವಿಯದ್ದು, ಫೋನಿನದ್ದು ಎಲ್ಲ ವೈರು ಕಿತ್ತಿಡುವುದು ವಾಡಿಕೆ. ಇಲ್ಲದಿದ್ದರೆ ಸಿಡಿಲಿಗೆ ಸುಟ್ಟು ಕರಕಲಾಗುತ್ತದೆ. ಏಪ್ರಿಲ್‌ನ ಮೊದಲ ಗುಡುಗಿಗೇ ಮಾವ ಓಡಿಹೋಗಿ ಫೋನಿನ ವೈರು ಕಿತ್ತರು. ಅಷ್ಟಕ್ಕೆ ಬಿಟ್ಟರೆ ಅವರು ನಮ್ಮ ಮಾವ ಹೇಗಾದಾರು? ಫೋನನ್ನು ಟವೆಲಿನಲ್ಲಿ ಸುತ್ತಿ ಅವಲಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದರು. ಗುಡುಗು ನಿಂತ ಮೇಲೆ ಡಬ್ಬದಿಂದ ತೆಗೆದು ಒರೆಸಿ ಮೇಜಿನ ಮೇಲೆ ಕೂರಿಸಿದರು, ವೈರು ಸಿಕ್ಕಿಸುವುದನ್ನು ಮರೆತರು. ತಿಂಗಳಾಯಿತು, ಎರಡು ತಿಂಗಳಾಯಿತು. "ನಿನ್ನ ತಮ್ಮನಿಗೆ ಸೊಕ್ಕು ಬಂದಿದೆ, ಒಂದು ಫೋನಿಲ್ಲ" ಎಂದು ಮಾವ ಅತ್ತೆಯ ಹತ್ತಿರ ಅಪ್ಪನ ಮೇಲೆ ದೂರು ಹೇಳಿದ್ದೇ ಹೇಳಿದ್ದು. ಕೊನೆಗೆ ಅವರೇ ಮೂಡಿಗೆರೆಗೆ ಹೋಗಿ ಜಗಳವಾಡಿ ಲೈನ್‌ಮನ್ ಒಬ್ಬನನ್ನು ಕರೆತಂದರು. ಆತ ಮಳೆಯಲ್ಲಿ ಕಂಬ ಹತ್ತಿಳಿದು, ಜಿಗಣೆ ಕಚ್ಚಿಸಿಕೊಂಡು, ಅಂತೂ ಮನೆಯೊಳಗೆ ಬಂದು ನೋಡಿ, ವೈರನ್ನು ಎತ್ತಿ ಎರಡು ಬೆರಳಲ್ಲಿ ಹಿಡಿದು ಮಾವನಿಗೆ ತೋರಿಸಿದ. ಏನೂ ಮಾತಾಡಲಿಲ್ಲ. ಅವನ ಪರವಾಗಿ ಅಡುಗೆಮನೆಯ ಬಾಗಿಲಿಂದ ಅತ್ತೆಯೇ ಮಾತಾಡಿದರು!

ಆದರೆ ಅತ್ತೆಯ ಬೈಗುಳದ ನಿಜವಾದ ಬೆಲೆ ನನಗೆ ತಿಳಿದದ್ದು ಕಾಂಡಕೊರಕದ ಪ್ರಸಂಗದಲ್ಲಿ. ಅರೇಬಿಕಾ ಕಾಫಿ ಬೆಳೆಯುವವರಿಗೆಲ್ಲ ಗೊತ್ತು, ಹುಳ ಬಿದ್ದ ಗಿಡವನ್ನು ಗುರುತು ಹಿಡಿದು ಕಿತ್ತು ಸುಡದಿದ್ದರೆ ಪಕ್ಕದ ಗಿಡಕ್ಕೂ ಹೋಗುತ್ತದೆ. ಮೇಸ್ತ್ರಿ ಸಾಲಿನಲ್ಲಿ ನಡೆಯುತ್ತಾ ಕಾಂಡ ಸವರಿ ನೋಡಿ, ಹುಳ ಬಿದ್ದ ಗಿಡಕ್ಕೆ ಸುಣ್ಣದ ಗೆರೆ ಎಳೆಯುತ್ತಾನೆ. ಹಿಂದಿನಿಂದ ಆಳುಗಳು ಸುಣ್ಣ ಕಂಡದ್ದನ್ನು ಕೀಳುತ್ತಾ ಬರುತ್ತಾರೆ. ಆ ವರ್ಷ ಕೆಲಸದ ನಡುವೆಯೇ ಮಂಜಯ್ಯನಿಗೆ ಜ್ವರ ಬಂತು. ಅತ್ತೆ ಯಾರದೋ ಮದುವೆಗೆ ಹೋಗಿದ್ದರು. ಮಾವ ಸುಣ್ಣದ ಬಕೆಟ್ಟು ಹಿಡಿದರು.

ಅವರು ಮಾಡಿದ್ದೇನು ಗೊತ್ತೇ? ಹುಳ ಬಿದ್ದ ಗಿಡ ಬಿಟ್ಟು ಒಳ್ಳೆಯ ಗಿಡಕ್ಕೆ ಸುಣ್ಣ ಬಳಿದರು! ಅದಕ್ಕೊಂದು ವಾದವೂ ಇತ್ತು. "ಸಾಯೋ ಗಿಡಕ್ಕೆ ಎಂತಕ್ಕೆ ಬಣ್ಣ ಹಚ್ಚೋದು? ಬದುಕೋದಕ್ಕೆ ಹಚ್ಚಿದ್ರೆ ನೋಡಕ್ಕಾದ್ರೂ ಚಂದ" ಎಂದು ನನಗೇ ಹೇಳಿದ್ದರು. ಸ್ಕೂಲಿಗೆ ರಜೆಯಿತ್ತು, ನಾನು ಅಲ್ಲೇ ಇದ್ದೆ, ಹೌದಲ್ಲ ಎಂದುಕೊಂಡು ಸುಮ್ಮನಾದೆ. ಒಂದು ಸಾಲು ಬಳಿದು, ಉಳಿದದ್ದಕ್ಕೆ ಸುಣ್ಣ ಸಾಲದೆಂದು ತರಲು ಮೂಡಿಗೆರೆಗೆ ಹೋದವರು ಸಂಜೆಯವರೆಗೂ ಬರಲಿಲ್ಲ. ಬಯಲುಸೀಮೆಯಿಂದ ಅದೇ ವಾರ ಬಂದಿದ್ದ ಇಬ್ಬರು ಆಳುಗಳು, ಸುಣ್ಣ ಕಂಡದ್ದು ಕೀಳಬೇಕೆಂಬ ಪಾಠವನ್ನು ಮಂಜಯ್ಯನಿಂದ ಚೆನ್ನಾಗಿ ಕಲಿತಿದ್ದವರು, ಆ ಸಾಲಿಗೆ ಬಂದರು. ಮಾವ ವಾಪಸು ಬರುವಷ್ಟರಲ್ಲಿ ನಲವತ್ತು ಗಿಡ ನೆಲದ ಮೇಲೆ ಮಲಗಿದ್ದವು. ಅತ್ತೆ ಮದುವೆಯಾದ ಹೊಸತರಲ್ಲಿ ತಾನೇ ಗುಂಡಿ ತೆಗೆದು ನೆಟ್ಟ ಗಿಡಗಳವು.

ಅತ್ತೆ ಮದುವೆಮನೆಯ ಸೀರೆಯಲ್ಲೇ ತೋಟಕ್ಕೆ ಬಂದು ನೋಡಿದರು. ಬೈಯಲಿಲ್ಲ. ಬೇರಿನ ಮಣ್ಣು ಮುಟ್ಟಿ ನೋಡಿ ಮನೆಗೆ ಹೋದರು. ಆ ದಿನ, ಮಾರನೆಯ ದಿನ, ಅದರ ಮಾರನೆಯ ದಿನ ಒಂದು ಮಾತಿಲ್ಲ. ಮಾವ ಊಟಕ್ಕೆ ಕೂತರೆ ಬಡಿಸುವರು, ಅಷ್ಟೇ. ಮಾವ ಬಡವಾಗಿಹೋದರು. ಜಗಲಿಯ ಮೂಲೆಯಲ್ಲಿ ಕೂತು ಅಡುಗೆಮನೆಯ ಬಾಗಿಲನ್ನೇ ನೋಡುವರು. ಮೂರನೇ ದಿನ ಸಂಜೆ ಅವರು ದನಕ್ಕೆ ಇಡಬೇಕಾದ ಕಲಗಚ್ಚನ್ನು ಒಗೆಯಲು ನೆನೆಸಿದ ಬಟ್ಟೆಯ ಬಕೆಟ್ಟಿಗೆ ಸುರಿದಾಗ ಅತ್ತೆ ಬಾಗಿಲಿಗೆ ಬಂದು ನಿಂತರು. ಕೈ ಸೊಂಟಕ್ಕೆ ಹೋಯಿತು. "ಅಡ್ಡ... ಕಸುಬಿ!" ಎಂದರು. ಎಂದವರು ಅತ್ತರು. ಅತ್ತು, ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕಾಫಿ ಕುಡೀತೀರಾ?" ಎಂದು ಕೇಳಿದರು.

ಮಾವ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು. "ಅಬ್ಬ, ಬೈದ್ಲು ಮಾರಾಯ್ತಿ. ಇನ್ನು ಅಡ್ಡಿಲ್ಲ."

ಬೈದರೆ ಅಲ್ಲಿಗೆ ಮುಗಿಯಿತು. ಅದು ಆ ಮನೆಯ ಕಾನೂನು. ಅತ್ತೆ ಒಂದು ತಪ್ಪಿಗೆ ಎರಡು ಸಲ ಬೈದವರಲ್ಲ, ಬೈದದ್ದನ್ನು ಮತ್ತೆಂದೂ ಎತ್ತಿ ಆಡಿದವರೂ ಅಲ್ಲ. ಆ ಒಂದು ಪದದಲ್ಲಿ ಮಾವನ ತಪ್ಪನ್ನೂ ತನ್ನ ಸಿಟ್ಟನ್ನೂ ಒಟ್ಟಿಗೆ ಗುಡಿಸಿ ಹೊರಗೆ ಹಾಕುತ್ತಿದ್ದರು. ಮಾವ ಹೆದರುತ್ತಿದ್ದದ್ದು ಬೈಗುಳಕ್ಕಲ್ಲ, ಅದು ಬಾರದಿರುವುದಕ್ಕೆ.

ಇನ್ನು ಜೀಪಿನ ವಿಷಯ. ಇದನ್ನು ನಗಿಸುವ ಹಾಗೆ ಬರೆಯಲು ನನಗೆ ಬರುವುದಿಲ್ಲ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಮದುವೆಯಾಗಿ ಮೂಡಿಗೆರೆಯಲ್ಲೇ ಮನೆ ಮಾಡಿದ್ದೆ. ಮಾವನ ಹತ್ತಿರ ಒಂದು ಹಳೆಯ ಪೆಟ್ರೋಲ್ ಜೀಪಿತ್ತು. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅದು ಏರಿನಲ್ಲಿ ಕೆಮ್ಮಿತು ಎಂಬ ಕಾರಣಕ್ಕೆ ಮಾವ ಅದರ ಕಾರ್ಬುರೇಟರು ಬಿಚ್ಚಿದರು. ಬಿಡಿಭಾಗಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಕಣದಲ್ಲಿ ಒಣಹಾಕಿದ್ದ ಕಾಳುಮೆಣಸಿನ ಪಕ್ಕ ಪೇಪರು ಹಾಸಿ ಬಿಸಿಲಿಗೆ ಇಟ್ಟರು. ಗಾಳಿ ಬೀಸಿ ಪೇಪರು ಮಗುಚಿತು. ಪೆಟ್ರೋಲ್ ಹಾಯಿಸುವ, ಅದಿಲ್ಲದೆ ಜೀಪು ಹೊರಡದ, ಕಡಲೆಕಾಳಿನಷ್ಟು ಸಣ್ಣ ಹಿತ್ತಾಳೆಯ ಜೆಟ್ಟೊಂದು ಮೆಣಸಿನ ರಾಶಿಯೊಳಗೆ ಹೋಯಿತು. ಒಂದು ಕ್ವಿಂಟಾಲ್ ಮೆಣಸಿನಲ್ಲಿ ಅದನ್ನು ಎಲ್ಲಿ ಹುಡುಕುವುದು? ಅತ್ತೆ ಸಂಜೆ ಬಂದು ನೋಡಿ, ವಾಡಿಕೆಯಂತೆ ಬೈದು, "ನಾಳೆ ಮೇಸ್ತ್ರಿ ಬರ್ಲಿ, ಜರಡಿ ಹಿಡಿಸಿದ್ರೆ ಸಿಗ್ತದೆ" ಎಂದರಂತೆ. ಮಾವ ಕಣ್ಣು ಮಿಟುಕಿಸಲು ನಾನು ಅಲ್ಲಿರಲಿಲ್ಲ.

ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಅತ್ತೆ ನಡುಮನೆಯಲ್ಲಿ ಬಿದ್ದರು. ಬಲಗೈ, ಬಲಗಾಲು ಬರಲಿಲ್ಲ, ಬಾಯಿ ಸೊಟ್ಟಗಾಯಿತು, ಮಾತು ನಿಂತಿತು. ಮಾವ ದಿಂಬು ತಂದು ತಲೆಗಿಟ್ಟರು. ಆಮೇಲೆ ಏನು ಮಾಡಬೇಕಿತ್ತು? ಮೇಜಿನ ಮೇಲೆ ಫೋನಿತ್ತು, ವೈರೂ ಸಿಕ್ಕಿಸಿಯೇ ಇತ್ತು. ನನಗೊಂದು ಫೋನು ಮಾಡಿದ್ದರೆ ಗಂಟೆಯೊಳಗೆ ಬಾಡಿಗೆ ಜೀಪು ಅವರ ಅಂಗಳದಲ್ಲಿರುತ್ತಿತ್ತು. ಮಾವ ಫೋನಿನ ಹತ್ತಿರ ಹೋಗಲಿಲ್ಲ. ಕಣಕ್ಕೆ ಓಡಿದರು. ಮೆಣಸಿನ ರಾಶಿಯ ಮುಂದೆ ಕೂತು ಹಿಡಿಹಿಡಿಯಾಗಿ ಎತ್ತಿ ನೋಡುತ್ತಾ ಆ ಜೆಟ್ಟನ್ನು ಹುಡುಕತೊಡಗಿದರು. ಜೀಪು ಜೋಡಿಸಿ, ತಾನೇ ಓಡಿಸಿಕೊಂಡು, ತಾನೇ ಅತ್ತೆಯನ್ನು ಆಸ್ಪತ್ರೆಗೆ ಮುಟ್ಟಿಸಬೇಕೆಂಬುದೊಂದೇ ಅವರ ತಲೆಯಲ್ಲಿದ್ದದ್ದು.

ಏಳೂವರೆಗೆ ಕೆಲಸಕ್ಕೆ ಬಂದ ಮಂಜಯ್ಯ ಕಂಡದ್ದು ಇದನ್ನೇ. "ಎಂತ ಅಯ್ಯಾ, ಇಷ್ಟು ಬೇಗ ಮೆಣಸು ಹರವೋದು?" ಎಂದು ಕೇಳಿದನಂತೆ.

"ತಡಿ, ಇಲ್ಲೇ ಎಲ್ಲೋ ಇದೆ. ಅವಳು ಬಿದ್ದಿದಾಳೆ. ಇಲ್ಲೇ ಇದೆ ತಡಿ" ಎಂದರಂತೆ ಮಾವ, ತಲೆ ಎತ್ತದೆ.

ಮಂಜಯ್ಯನೇ ಒಳಗೆ ಓಡಿ ನನಗೆ ಫೋನು ಮಾಡಿದ. ಗಾಡಿ ಹಿಡಿದು, ಮನೆ ಮುಟ್ಟಿ, ಮೂಡಿಗೆರೆಗೆ ತಂದು, ಅಲ್ಲಿಯವರು ದೊಡ್ಡ ಆಸ್ಪತ್ರೆಗೆ ಹೋಗಿ ಎಂದು ಕಳಿಸಿದ ಮೇಲೆ ನಾವು ಅಲ್ಲಿಗೆ ಮುಟ್ಟುವಾಗ ಮಧ್ಯಾಹ್ನ ದಾಟಿತ್ತು. ಎಷ್ಟು ಹೊತ್ತಿಗೆ ಬಿದ್ದರು ಎಂದು ಡಾಕ್ಟರು ಕೇಳಿದರು. ಆರು ಗಂಟೆಗೆ ಎಂದೆ. ಅವರು ಕೈಗಡಿಯಾರ ನೋಡಿಕೊಂಡರು. ಬೇಗ ಬಂದಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಲಿಲ್ಲ. ಕೇಳುವ ಧೈರ್ಯ ಇರಲಿಲ್ಲ.

ನನಗೆ ಆಗ ಬಂದ ಸಿಟ್ಟನ್ನು ಹೇಗೆ ಹೇಳಲಿ! ಮಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು, ಉಗುರಿನ ಸಂದಿಯಲ್ಲೆಲ್ಲ ಮೆಣಸಿನ ಕಪ್ಪು ಧೂಳು. ಅವರ ಮುಖ ನೋಡಲೂ ನನಗೆ ಮನಸ್ಸಾಗಲಿಲ್ಲ. ನಾಲ್ಕು ಮಾತು ಜೋರಾಗಿ ಆಡಿಬಿಟ್ಟಿದ್ದರೆ ಚೆನ್ನಾಗಿತ್ತು. ನಾನು ಆಡಲಿಲ್ಲ. ಎಂಟು ದಿನ ಅವರ ಜೊತೆ ಮಾತು ಬಿಟ್ಟೆ. ಅವರ ಕೈಗೆ ಕಾಫಿ ಕೊಡುತ್ತಿದ್ದೆ, ಊಟದ ಪೊಟ್ಟಣ ಕೊಡುತ್ತಿದ್ದೆ, ಮಾತು ಮಾತ್ರ ಇಲ್ಲ. ಅವರು ನನ್ನನ್ನು ನೋಡುವರು, ಬೆಂಚಿನ ತುದಿಗೆ ಸರಿಯುವರು. ಆ ಮನೆಯಲ್ಲಿ ಮೂರು ವರ್ಷ ಇದ್ದು ಕಲಿತ ಕಾನೂನು ನನಗೆ ಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ.

ಅತ್ತೆ ಮನೆಗೆ ಬಂದರು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಕಿವಿ ಕೇಳುತ್ತಿತ್ತು, ಎಲ್ಲವೂ ತಿಳಿಯುತ್ತಿತ್ತು, ಮಾತಿಲ್ಲ. ಮಾವ ಗಂಜಿ ಮಾಡಿದರೆ ಒಂದು ದಿನ ಗಂಟು, ಒಂದು ದಿನ ಸೀದು. ಉಣಿಸುವಾಗ ಅರ್ಧ ಅತ್ತೆಯ ಕುತ್ತಿಗೆಗೆ ಹೋಗುತ್ತಿತ್ತು. ಜಡೆ ಹಾಕಿದರೆ ಬೆನ್ನಿಗಿರಬೇಕಾದದ್ದು ಕಿವಿಯ ಮೇಲೆ ಇರುತ್ತಿತ್ತು. ನೋಡಿಕೊಳ್ಳಲು ಹೆಂಗಸೊಬ್ಬಳನ್ನು ಗೊತ್ತುಮಾಡಿದೆ. ಅತ್ತೆ ಅವಳ ಕೈಯಿಂದ ಒಂದು ತುತ್ತು ತಿನ್ನಲಿಲ್ಲ, ಬಾಯಿ ಬಿಗಿದು ಮಾವ ಇದ್ದ ಕಡೆಗೆ ತಿರುಗಿದರು. ಚೆಲ್ಲಲಿ, ಸೀಯಲಿ, ಅವರಿಗೆ ಅದೇ ಕೈ ಬೇಕು. ನಾನು ಮತ್ತೆ ಒತ್ತಾಯಿಸಲಿಲ್ಲ.

ವಾರಕ್ಕೊಮ್ಮೆ ಕೈಕಾಲಿಗೆ ವ್ಯಾಯಾಮ ಮಾಡಿಸಲು ಮೂಡಿಗೆರೆಯಿಂದ ಒಬ್ಬರು ಬರುತ್ತಿದ್ದರು. ಒಂದು ದಿನ ಅವರು, "ಮಾತು ಬಂದ್ರೂ ಹೊಸ ಮಾತು ಬರಲ್ಲ. ಯಾವಾಗ್ಲೂ ಆಡಿ ರೂಢಿಯಾದದ್ದು ಮೊದ್ಲು ಬರ್ತದೆ. ಕೆಲವ್ರಿಗೆ ದೇವರ ಹೆಸರು ಬರ್ತದೆ, ಕೆಲವ್ರಿಗೆ ಬೈಗುಳ" ಎಂದರು.

ಮಾವ ಕೂತಲ್ಲಿಂದ ಎದ್ದು ನಿಂತರು. "ಬೈಗುಳ ಬರ್ತದಾ?"

"ಬರ್ಬೋದು."

ಆಮೇಲಿನ ಭಾನುವಾರ ನಾನು ಹೋದಾಗ ಕಂಡದ್ದನ್ನು ಹೇಳುತ್ತೇನೆ. ಮಾವ ಬಾವಿಯಿಂದ ತುಂಬಿದ ಕೊಡ ಹೊತ್ತು ಬರುತ್ತಿದ್ದರು. ಹನಿ ಚೆಲ್ಲದೆ, ನೆಟ್ಟಗೆ, ನೋಡಿದರೆ ನಂಬಲಾಗದಷ್ಟು ಚೆನ್ನಾಗಿ ಅಂಗಳ ದಾಟಿ ಮೆಟ್ಟಿಲು ಹತ್ತಿದರು. ಅತ್ತೆ ಕೂತಿದ್ದ ಕುರ್ಚಿಯ ಮುಂದೆ ಬಂದು ನಿಂತು, ಅವರು ತನ್ನನ್ನೇ ನೋಡುತ್ತಿದ್ದಾರೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ಬೇಕೆಂದೇ ಕಾಲು ಎಡವಿಕೊಂಡು ಇಡೀ ಕೊಡ ನೀರನ್ನು ನಡುಮನೆಯಲ್ಲಿ ಮಗುಚಿದರು! ಕೊಡ ಉರುಳಿಕೊಂಡು ಗೋಡೆಗೆ ಹೋಗಿ ಬಡಿಯಿತು. ಅತ್ತೆಯ ಕಣ್ಣು ಅಗಲವಾಯಿತು. ತುಟಿ ಅಲುಗಿತು. "ಅ... ಅ..." ಎಂದರು. ಮಾವ ನೀರಲ್ಲೇ ಮಂಡಿಯೂರಿ ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದು ಕಾದರು. ಪಂಚೆಯೆಲ್ಲ ಒದ್ದೆ. ಎಷ್ಟು ಹೊತ್ತು ಕಾದರೂ ಅಷ್ಟೇ.

"ಕೇಳ್ದ್ಯಾ? 'ಅ' ಬಂತು" ಎಂದರು ನನಗೆ. "ಇನ್ನು 'ಡ್ಡ' ಒಂದು ಬಂದ್ರೆ ಉಳಿದಿದ್ದು ತಾನಾಗೇ ಬರ್ತದೆ."

ನೀರು ಬೇಕಾದಾಗಲೂ ಅತ್ತೆ 'ಅ' ಎಂದೇ ಹೇಳುತ್ತಿದ್ದರು, ಸೆಖೆಯಾದಾಗಲೂ 'ಅ' ಎಂದೇ ಹೇಳುತ್ತಿದ್ದರು. ಅದು ಮಾವನಿಗೂ ಗೊತ್ತಿತ್ತು. ಆದರೂ ಒಂದೂವರೆ ವರ್ಷ ಅವರು ಅತ್ತೆಯ ಕಣ್ಣೆದುರು ಕೆಲಸ ಕೆಡಿಸುತ್ತಲೇ ಹೋದರು. ಅಂಗಿ ತಿರುವುಮುರುವು ಹಾಕಿಕೊಂಡು ಬಂದು ನಿಂತರು, ಅವಲಕ್ಕಿಗೆ ಒಗ್ಗರಣೆಯ ಬದಲು ರಾಗಿ ಹಿಟ್ಟು ಹಾಕಿದರು, ಗಡಿಯಾರ ಬಿಚ್ಚಿ ಮುಳ್ಳುಗಳನ್ನು ಹಿಂದುಮುಂದು ಕೂರಿಸಿದರು. ಹುಟ್ಟಿನಿಂದ ತಾನಾಗಿ ಬಂದ ವಿದ್ಯೆಯನ್ನು ಆ ಮನುಷ್ಯ ಮೊದಲ ಸಲ ಕಷ್ಟಪಟ್ಟು ಮಾಡುತ್ತಿದ್ದರು. ಅತ್ತೆ ನೋಡುತ್ತಿದ್ದರು. ಕೆಲವು ಸಲ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಕೆಲವು ಸಲ ಸೊಟ್ಟ ಬಾಯಿಯಲ್ಲೇ ನಕ್ಕ ಹಾಗೆ ಕಾಣುತ್ತಿತ್ತು. ಪದ ಬರಲಿಲ್ಲ. ಎರಡನೆಯ ವರ್ಷದ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು.

ಹದಿಮೂರನೆಯ ದಿನ ನೆಂಟರೆಲ್ಲ ಸೇರಿದ್ದರು. ಬೇಡವೆಂದರೂ ಕೇಳದೆ ಮಾವ ಬಡಿಸಲು ನಿಂತರು. ಪಾಯಸದ ಸೌಟನ್ನು ಸಾರಿಗೆ ಅದ್ದಿ ತಂದು ಪುರೋಹಿತರ ಎಲೆಯ ಮೇಲಿದ್ದ ಹೋಳಿಗೆಯ ಮೇಲೆ ಸುರಿದರು. ಈ ಸಲ ಬೇಕೆಂದು ಮಾಡಿದ್ದಲ್ಲ. ಪಂಕ್ತಿಯವರೆಲ್ಲ ಆ ಎಲೆಯ ಕಡೆ ತಿರುಗಿದರು. ಆಮೇಲೆ ಪುರೋಹಿತರು, "ಪರವಾಗಿಲ್ಲ, ಪರವಾಗಿಲ್ಲ" ಎಂದರು. "ಅಯ್ಯೋ, ಪರವಾಗಿಲ್ಲ ಬಿಡಿ" ಎಂದರು ಪಕ್ಕದವರು. ನಮ್ಮಪ್ಪನೂ "ಪರವಾಗಿಲ್ಲ ಭಾವ" ಎಂದರು. ಮಾವ ಸೌಟು ಹಿಡಿದುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ಅವರಿಗೆ ಮರ್ಯಾದೆ ಕೊಡುತ್ತಿದ್ದರು. ನಾನು ಸೌಟು ತೆಗೆದುಕೊಂಡು ಅವರನ್ನು ಒಳಗೆ ಕೂರಿಸಿದೆ.

ನೆಂಟರು ಹೊರಟ ಮೇಲೆ, ಮೂರು ಗಂಟೆಯ ಹೊತ್ತಿಗೆ, ನಾನು ಹಿತ್ತಲಲ್ಲಿ ಪಾತ್ರೆ ಎಣಿಸಿ ಇಡುತ್ತಿದ್ದಾಗ ಮಾವ ಬಂದು ಎದುರಿನ ಒರಳುಕಲ್ಲಿನ ಮೇಲೆ ಕೂತರು.

"ನೀನು ಸ್ವಲ್ಪ ಬೈತೀಯಾ?" ಎಂದರು.

"ಎಂತಕ್ಕೆ ಮಾವ?"

"ಜೀಪಿಗೆ."

"ಅದಕ್ಕೆ ಅತ್ತೆ ಬೈದಾಗಿತ್ತಲ್ಲ. ಹಿಂದಿನ ಸಂಜೆನೇ ಬೈದಿದ್ರಲ್ಲ."

"ಅದು ಬಿಚ್ಚಿದ್ದಕ್ಕೆ ಬೈದಿದ್ದು. ಬೆಳಿಗ್ಗೆದಕ್ಕೆ ಬೈಲಿಲ್ಲ." ಅವರು ತಮ್ಮ ಅಂಗೈ ನೋಡಿಕೊಂಡರು. "ಒಂದೂವರೆ ಗಂಟೆ. ನಡುಮನೆ ಬಾಗ್ಲು ತೆಗೆದೇ ಇತ್ತು. ಅವಳು ಬಿದ್ದಲ್ಲಿಂದ ಕಣ ಕಾಣ್ತದೆ. ನಾನು ಮೆಣಸು ಹುಡುಕೋದನ್ನ ನೋಡ್ತಾನೇ ಇದ್ಲು. ಅದಕ್ಕೆ ಒಂದು ಬೈಗುಳ ಆಗ್ಲೇ ಇಲ್ಲ. ಇನ್ನು ಅವಳು ಬೈಯೋದಿಲ್ಲ. ನೀನು ಬೈ. ನಿಂಗೂ ಸಿಟ್ಟು ಬಂದಿತ್ತಲ್ಲ ಆವಾಗ, ನಂಗೆ ಗೊತ್ತು."

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಮಾವ ತಲೆ ತಗ್ಗಿಸಿ ಕಾಯುತ್ತಿದ್ದರು. ನಾನು ಸೊಂಟದ ಮೇಲೆ ಕೈಯಿಡಲಿಲ್ಲ, ನನಗೆ ಅದು ಸಾಧ್ಯವಾಗುತ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಒಮ್ಮೆಯೂ ಅವರಿಗೆ ಹೇಳದಿದ್ದ ಪದವನ್ನು ಹೇಳಿದೆ. "ಅಡ್ಡಕಸುಬಿ." ಹಾಜರಿ ಪುಸ್ತಕದಿಂದ ಯಾರದೋ ಹೆಸರು ಕೂಗಿದ ಹಾಗೆ ಕೇಳಿಸಿತು.

ಮಾವ ಇನ್ನೂ ಸ್ವಲ್ಪ ಹೊತ್ತು ಕಾದು ತಲೆ ಎತ್ತಿದರು. "ಹಂಗಲ್ಲ ಮಾರಾಯ್ತಿ. ಸಿಟ್ಟು ಬರ್ಬೇಕು" ಎಂದರು, ಮೆಲ್ಲಗೆ, ನನಗೆ ಕಲಿಸಿಕೊಡುವವರ ಹಾಗೆ.

ಆಸ್ಪತ್ರೆಯ ಆ ಎಂಟು ದಿನಗಳನ್ನು ನೆನಪು ಮಾಡಿಕೊಂಡೆ. ಅಷ್ಟೊಂದು ಸಿಟ್ಟಿತ್ತಲ್ಲ, ಎಲ್ಲಿ ಹೋಯಿತು? ಮಾವ ಮತ್ತೆ ತಲೆ ತಗ್ಗಿಸಿ ಕೂತರು. ನಾನು ಎಷ್ಟು ಪ್ರಯತ್ನಪಟ್ಟರೂ ನನಗೆ ಸಿಟ್ಟು ಬರಲಿಲ್ಲ.